ತಿಳಿಯಾದ ನೀರೆಲ್ಲ ಶುದ್ಧವಲ್ಲ

ಕಲಾ ಮಹಾವಿದ್ಯಾಲಯದ ವಾರ್ಷಿಕ ಸಂಚಿಕೆಯಲ್ಲಿ ಕಸದ ನೀರಿನ ಮಾತೇಕೆ ಎಂದು ಕೆಲವು ವಾಚಕರು ಹುಬ್ಬು ಹಾರಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಪಟಕ, ಸುಣ್ಣ, ಆಮ್ಲಗಳ ಗೊಡವೆ ಏತಕ್ಕೆ? ಅದನ್ನು ನೋಡಿಕೊಳ್ಳಲು ಶಾಸ್ತ್ರಜ್ಞರಿದ್ದಾರೆ, ಇಂಜಿನಿಯರರಿದ್ದಾರೆ, ಮಂಡಳಿಗಳಿವೆ ಎಂದು ಹೇಳಬಹುದು. ಈ ಮಾತನ್ನು ನಾನು ಒಪ್ಪಲಾರೆ. ನೀರನ್ನು ಶುದ್ಧಗೊಳಿಸುವ ವಿದ್ಯೆ ರಸಾಯನಶಾಸ್ತ್ರಕ್ಕೆ ಸೇರಿದ್ದು, ನಿಜ. ಆದರೆ ಯಾವ ನೀರನ್ನು ಶುದ್ಧವೆಂದು ಕರೆಯಬೇಕು, ಹಾಗೆ ಕರೆಯುವ ಅಧಿಕಾರ ಯಾರದು, ಅದರ ಲೆಕ್ಕವನ್ನು ಯಾರ ಮುಂದೆ ಇಡಬೇಕು ಎಂಬ ಪ್ರಶ್ನೆಗಳು ಪ್ರಯೋಗಶಾಲೆಯ ಗೋಡೆಗಳೊಳಗೆ ಮುಗಿಯುವಂಥವಲ್ಲ. ಅವು ಆ ನೀರು ಕುಡಿಯುವವರೆಲ್ಲರ ಪ್ರಶ್ನೆಗಳು.

ನನ್ನ ಊರು ಗೋಕಾಕ ತಾಲೂಕಿನ ಮೇಲವಂಕಿ. ಘಟಪ್ರಭೆಯ ನೀರನ್ನು ನಂಬಿ ಬದುಕಿದ ಸೀಮೆ ನಮ್ಮದು. ನಮ್ಮ ಅಜ್ಜಂದಿರ ಕಾಲದಲ್ಲಿ ಕಸವೆಂದರೆ ತಿಪ್ಪೆ, ತಿಪ್ಪೆಯೆಂದರೆ ಗೊಬ್ಬರ. ಮನೆಯ ಬೂದಿ, ಸಗಣಿ, ಸೊಪ್ಪು, ಉಳಿದ ಮುಸುರೆ ಎಲ್ಲವೂ ಅಲ್ಲಿ ಕೊಳೆತು ಮಳೆಗಾಲದ ಮುಂಚೆ ಹೊಲ ಸೇರುತ್ತಿತ್ತು. ಕಸಕ್ಕೆ ಒಂದು ಮನೆಯಿತ್ತು, ಒಂದು ಬೆಲೆಯಿತ್ತು. ಇಂದಿನ ಕಸದಲ್ಲಿ ಸೊಪ್ಪಿನ ಜೊತೆಗೆ ಪ್ಲಾಸ್ಟಿಕ್ ಚೀಲ, ಬ್ಯಾಟರಿಯ ಸೆಲ್ಲು, ಔಷಧದ ಬಾಟಲಿ, ಬಣ್ಣದ ಡಬ್ಬಿ ಎಲ್ಲವೂ ಕಲಸಿಹೋಗಿವೆ. ಅದನ್ನು ಹೊಲಕ್ಕೆ ಹಾಕುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ಊರ ಹೊರಗೆ ಒಂದು ಗುಡ್ಡೆ ಬೆಳೆಯುತ್ತದೆ. ಊರು ದೊಡ್ಡದಾದಷ್ಟೂ ಗುಡ್ಡೆ ದೊಡ್ಡದು.

ಆ ಗುಡ್ಡೆಯ ಮೇಲೆ ಮಳೆ ಬೀಳುತ್ತದೆ. ಮಳೆಯ ನೀರು ಕಸದ ಪದರುಗಳೊಳಗೆ ಇಳಿದು, ಕೊಳೆತ ಪದಾರ್ಥಗಳ ರಸವನ್ನು ಕರಗಿಸಿಕೊಂಡು, ಲೋಹ, ಲವಣ, ಅಮೋನಿಯಗಳನ್ನು ಹೊತ್ತು, ಚಹದ ಕಷಾಯಕ್ಕಿಂತ ಕಪ್ಪಾಗಿ ಬುಡದಿಂದ ಬಸಿಯುತ್ತದೆ. ಇದನ್ನೇ ಇಂಜಿನಿಯರರು ಲೀಚೇಟ್ ಎನ್ನುತ್ತಾರೆ. ಕಾಲುವೆಯ ಸೀಮೆಯ ನಮಗೆ ಬಸಿಗಾಲುವೆಯ ಪರಿಚಯ ಚೆನ್ನಾಗಿ ಇರುವುದರಿಂದ ನಾನು ಇದನ್ನು ಕಸದ ಬಸಿನೀರು ಎಂದು ಕರೆಯುತ್ತೇನೆ. ಗುಡ್ಡೆಗೆ ಕಸ ಸುರಿಯುವುದನ್ನು ನಿಲ್ಲಿಸಿದರೂ ಈ ನೀರು ನಿಲ್ಲುವುದಿಲ್ಲ. ಒಳಗಿನದು ಕೊಳೆಯುವವರೆಗೆ, ಮಳೆ ಬೀಳುವವರೆಗೆ, ಹತ್ತಾರು ವರ್ಷ ಅದು ಬಸಿಯುತ್ತಲೇ ಇರುತ್ತದೆ.

ಇದು ಊಹೆಯ ಮಾತಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವೇ ಜಾರಿ, ಕೆಳಗಿನ ಮಂದಾರ ಎಂಬಲ್ಲಿಯ ಮನೆಗಳ ಮೇಲೆ, ಅಡಿಕೆ ತೆಂಗಿನ ತೋಟಗಳ ಮೇಲೆ ಹರಿದು ಬಂದಿತು. ಅಲ್ಲಿಯ ಕುಟುಂಬಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆ ಗುಡ್ಡದ ಬಸಿನೀರು ಫಲ್ಗುಣಿ ನದಿಯನ್ನು ಸೇರುತ್ತಿದೆಯೆಂಬ ದೂರು ರಾಜ್ಯದ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ಗ್ರಾಮಸ್ಥರ ಹೋರಾಟದ ಬಳಿಕ 2012ರಲ್ಲಿ ಕಸ ಸುರಿಯುವುದು ನಿಂತಿತು. ಆದರೂ ಅಲ್ಲಿಯ ಬಸಿನೀರಿನ ಸಮಸ್ಯೆ ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಜಿಲ್ಲೆಯ ಮುಖ್ಯ ನಗರವಾದ ಬೆಳಗಾವಿಯ ಕಸಕ್ಕೆ ತುರಮುರಿ ಎಂಬ ಹಳ್ಳಿಯೇ ಆಶ್ರಯವಾಗಿದೆ. ಅಲ್ಲಿಯ ಜನರು ನಾತದ ಬಗ್ಗೆ, ನೀರಿನ ಬಗ್ಗೆ ಎತ್ತಿದ ದೂರುಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಪಚ್ಚನಾಡಿಯ ಗುಡ್ಡ ಜಾರಿದ ಅದೇ 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳೊಳಗೆ ನುಗ್ಗಿದ್ದಳು. ಹೊಳೆಯ ದಂಡೆಗೆ ಕಸ ಚೆಲ್ಲುವ ಊರಿಗೆ ನೆರೆ ಬಂದರೆ ಏನಾಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಈ ನೀರನ್ನು ಶುದ್ಧಗೊಳಿಸುವ ಉಪಾಯದ ಕಡೆಗೆ ಬರೋಣ. ಅನೇಕ ಉಪಾಯಗಳಿವೆ, ಅವುಗಳಲ್ಲಿ ಬಹಳ ಹಳೆಯದೂ ಬಹಳ ಸುಲಭವೂ ಆದದ್ದು ಗರಣೆಗಟ್ಟಿಸುವ ವಿಧಾನ. ನಮ್ಮ ಮನೆಗಳಲ್ಲಿ ಹೊಳೆಯ ಕೆಂಪು ನೀರಿಗೆ ಪಟಕದ ತುಂಡನ್ನು ಆಡಿಸಿ ತಿಳಿ ಮಾಡುವುದನ್ನು ಎಲ್ಲರೂ ಬಲ್ಲರು. ಚಿಲ್ಲದ ಬೀಜವನ್ನು ಕೊಡದೊಳಗೆ ತಿಕ್ಕುವ ಪದ್ಧತಿ ಇನ್ನೂ ಹಳೆಯದು. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು, ಸುಶ್ರುತನ ವೈದ್ಯಗ್ರಂಥದಲ್ಲಿಯೂ ಇದರ ಉಲ್ಲೇಖವಿದೆ. ಈ ವಿದ್ಯೆಯ ತಿರುಳು ಇಷ್ಟು: ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳಿಗೆ ಕಲಿಲಗಳೆಂದು ಹೆಸರು. ಇವುಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ವಿದ್ಯುದಂಶವಿರುವ ಕಣಗಳು ಒಂದನ್ನೊಂದು ದೂಡುತ್ತವೆ. ಆದ್ದರಿಂದ ಅವು ಕೂಡಿಕೊಳ್ಳುವುದಿಲ್ಲ, ಕೂಡದಿದ್ದರೆ ಭಾರವಾಗುವುದಿಲ್ಲ, ಭಾರವಾಗದಿದ್ದರೆ ತಳ ಸೇರುವುದಿಲ್ಲ. ಅಲ್ಯುಮಿನಿಯಂ ಅಥವಾ ಕಬ್ಬಿಣದ ಲವಣವನ್ನು ಹಾಕಿದರೆ ಅದರ ಧನ ವಿದ್ಯುದಂಶವು ಆ ವೈರವನ್ನು ಶಮನಗೊಳಿಸುತ್ತದೆ. ಕಣಗಳು ಒಂದಕ್ಕೊಂದು ಹತ್ತಿ, ಅರಳೆಯ ಹಿಂಜಿನಂತೆ ದೊಡ್ಡವಾಗಿ, ಉಳಿದ ಕೊಳೆಯನ್ನೂ ತಬ್ಬಿಕೊಂಡು ಕೆಳಗಿಳಿಯುತ್ತವೆ. 1882ರಲ್ಲಿ ಶುಲ್ಜ್, 1900ರಲ್ಲಿ ಹಾರ್ಡಿ ಎಂಬ ಶಾಸ್ತ್ರಜ್ಞರು ಕಂಡುಕೊಂಡ ನಿಯಮದಂತೆ, ಒಂದು ವಿದ್ಯುದಂಶದ ಸೋಡಿಯಮ್ಮಿಗಿಂತ ಮೂರು ವಿದ್ಯುದಂಶದ ಅಲ್ಯುಮಿನಿಯಮ್ಮು ಈ ಕೆಲಸದಲ್ಲಿ ನೂರಾರು ಪಟ್ಟು ಪ್ರಬಲ. ಅಡಿಗೆಯ ಉಪ್ಪು ಮಾಡದ ಕೆಲಸವನ್ನು ಚಿಟಿಕೆ ಪಟಕ ಮಾಡುವ ರಹಸ್ಯ ಇದೇ.

ನಮ್ಮ ಸೀಮೆಯಲ್ಲಿ ಬೆಲ್ಲ ಮಾಡುವವರು ಇದಕ್ಕೆ ಹತ್ತಿರವಾದ ವಿದ್ಯೆಯನ್ನು ಪುಸ್ತಕ ಓದದೆಯೇ ಬಲ್ಲರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿರುವಾಗ ಸುಣ್ಣದ ನೀರನ್ನು, ಬೆಂಡೆಯ ಗಿಡದ ಲೋಳೆಯನ್ನು ಹಾಕುತ್ತಾರೆ. ಹಾಲಿನ ಕೊಳೆ ಗರಣೆಗಟ್ಟಿ ನೊರೆಗೂಡಿ ಮೇಲೆ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆದುಹಾಕುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನುಭವಿಯಾದವನು ಎಲ್ಲ ಹೊಲದ ಹಾಲಿಗೆ ಒಂದೇ ಅಳತೆಯ ಸುಣ್ಣ ಹಾಕುವುದಿಲ್ಲ. ಕರಿಯ ಮಣ್ಣಿನ ಕಬ್ಬಿಗೆ ಒಂದು ಹದ, ಸವಳು ನೆಲದ ಕಬ್ಬಿಗೆ ಇನ್ನೊಂದು. ಸುಣ್ಣ ಕಡಿಮೆಯಾದರೆ ಕೊಳೆ ಬಿಡುವುದಿಲ್ಲ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪ್ರತಿಯೊಂದು ಕೊಪ್ಪರಿಗೆಯನ್ನೂ ಅವನು ಹೊಸದಾಗಿ ನೋಡುತ್ತಾನೆ.

ಕಸದ ಬಸಿನೀರಿನ ಶುದ್ಧೀಕರಣದಲ್ಲಿ ಮೊದಲು ಬೇಕಾದ ಸುಧಾರಣೆಯು ಇದೇ ಎಂದು ನನ್ನ ಮತ. ಬಸಿನೀರೆಂಬುದು ಒಂದೇ ನೀರಲ್ಲ. ಅದಕ್ಕೆ ವಯಸ್ಸಿದೆ. ಐದು ವರ್ಷದೊಳಗಿನ ಹೊಸ ಗುಡ್ಡೆಯ ನೀರಿನಲ್ಲಿ ಹುಳಿ ಹಿಡಿದ ಸಣ್ಣ ಆಮ್ಲಗಳು ತುಂಬಿರುತ್ತವೆ. ಇವು ನೀರಿನಲ್ಲಿ ಪೂರ್ತಿಯಾಗಿ ಕರಗಿದಂಥವು. ಪಟಕದ ಕೈಗೆ ಸಿಕ್ಕುವುದಿಲ್ಲ. ಸೂಕ್ಷ್ಮಜೀವಿಗಳು ಮಾತ್ರ ಇವನ್ನು ಸುಲಭವಾಗಿ ತಿಂದುಹಾಕುತ್ತವೆ. ಹತ್ತು ವರ್ಷ ದಾಟಿದ ಗುಡ್ಡೆಯ ನೀರಿನಲ್ಲಿ ಜೀವಿಗಳು ತಿನ್ನಬಹುದಾದದ್ದು ಕಳೆದು, ಕಂದುಬಣ್ಣದ ದೊಡ್ಡ ದೊಡ್ಡ ಅಣುಗಳು ಉಳಿದಿರುತ್ತವೆ. ಇವು ಪಟಕಕ್ಕೂ ಕಬ್ಬಿಣದ ಲವಣಕ್ಕೂ ಚೆನ್ನಾಗಿ ಒಲಿಯುತ್ತವೆ. ಅಮೊಕ್ರಾನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಲೇಖನದಂತೆ, ಹೊಸ ಬಸಿನೀರಿನಲ್ಲಿ ಈ ವಿಧಾನ ತೆಗೆಯುವ ಸಾವಯವ ಕೊಳೆ ನೂರಕ್ಕೆ 10ರಿಂದ 25. ಹಳೆಯ ನೀರಿನಲ್ಲಿ, ಇಲ್ಲವೆ ಜೀವಿಗಳಿಂದ ಮೊದಲೇ ಶುದ್ಧೀಕರಿಸಿದ ನೀರಿನಲ್ಲಿ, ನೂರಕ್ಕೆ 50ರಿಂದ 65. ಅಂದ ಬಳಿಕ ನೀರಿನ ವಯಸ್ಸನ್ನು ಕೇಳದೆ ಮದ್ದು ಹಾಕುವುದು ರೋಗಿಯ ನಾಡಿ ಹಿಡಿಯದೆ ಗುಳಿಗೆ ಕೊಟ್ಟಂತೆ.

ನಾಡಿ ಹಿಡಿಯುವ ಉಪಾಯವೇನೂ ಕಠಿಣವಲ್ಲ. ಆರು ಗಾಜಿನ ಪಾತ್ರೆಗಳಲ್ಲಿ ಅದೇ ನೀರನ್ನು ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಲವಣ ಹಾಕಿ, ಒಂದು ನಿಮಿಷ ಜೋರಾಗಿ, ಹದಿನೈದಿಪ್ಪತ್ತು ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಅಲುಗಿಸದೆ ಬಿಟ್ಟು ಯಾವುದು ಹೆಚ್ಚು ಪರಿಣಾಮಕಾರಿ ಎಂದು ಪರೀಕ್ಷಿಸುತ್ತಾರೆ. ಇದಕ್ಕೆ ಜಾರ್ ಪರೀಕ್ಷೆ ಎನ್ನುತ್ತಾರೆ. ಮಳೆಗಾಲದ ತೆಳು ನೀರಿಗೆ ಸಾಕಾಗುವ ಪ್ರಮಾಣ ಏಪ್ರಿಲ್ ತಿಂಗಳ ಗಟ್ಟಿ ನೀರಿಗೆ ಸಾಲದು. ನೀರಿನ ಆಮ್ಲತೆಯೂ ಹದದಲ್ಲಿರಬೇಕು. ಪಟಕವು ತುಸು ಆಮ್ಲದ ಕಡೆಗಿರುವ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಬ್ಬಿಣದ ಲವಣವು ಇನ್ನೂ ವಿಶಾಲವಾದ ಮಿತಿಯೊಳಗೆ ದುಡಿಯುತ್ತದೆ. ಬಸಿನೀರಿನಲ್ಲಿ ಕ್ಷಾರ ಹೆಚ್ಚಾಗಿರುವುದರಿಂದ ಹದ ತರಲಿಕ್ಕೇ ಬಹಳಷ್ಟು ಆಮ್ಲವೋ ಲವಣವೋ ಖರ್ಚಾಗುತ್ತದೆ. ಇದನ್ನೆಲ್ಲ ದಿನದಿನವೂ ಅಳೆದು ಪುಸ್ತಕದಲ್ಲಿ ಬರೆದಿಡುವುದೇ ನಿಜವಾದ ಸುಧಾರಣೆ. ಹೊಸ ಹೆಸರಿನ, ಹೆಚ್ಚಿನ ಬೆಲೆಯ ಪುಡಿಯನ್ನು ತಂದ ಮಾತ್ರಕ್ಕೆ ಸುಧಾರಣೆ ಆಗದು.

ಹಾಗೆಂದು ಹೊಸ ಶೋಧಗಳನ್ನು ನಾನು ಹಳಿಯುತ್ತಿಲ್ಲ. ಪಾಲಿ ಅಲ್ಯುಮಿನಿಯಂ ಕ್ಲೋರೈಡ್ ಎಂಬ ಲವಣವು ಪಟಕದಷ್ಟು ನೀರಿನ ಹದವನ್ನು ಕೆಡಿಸುವುದಿಲ್ಲ. ಉದ್ದ ಸರಪಳಿಯ ಪಾಲಿಮರುಗಳು ಚಿಕ್ಕ ಗರಣೆಗಳನ್ನು ಒಂದಕ್ಕೊಂದು ಹೆಣೆದು ಬೇಗ ಇಳಿಸುತ್ತವೆ. ನೀರಿನಲ್ಲಿ ಕಬ್ಬಿಣದ ಇಲ್ಲವೆ ಅಲ್ಯುಮಿನಿಯಮ್ಮಿನ ತಗಡುಗಳನ್ನಿಟ್ಟು ವಿದ್ಯುತ್ ಹರಿಸಿದರೆ ತಗಡು ತಾನೇ ಸವೆದು ಗರಣೆಗಟ್ಟಿಸುವ ಲವಣವಾಗುತ್ತದೆ. ಫೆಂಟನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞನು 1894ರಲ್ಲಿ ವರ್ಣಿಸಿದ ಪ್ರಕ್ರಿಯೆಯಲ್ಲಿ ಕಬ್ಬಿಣದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಕೂಡಿ ಕೊಳೆಯ ಅಣುಗಳನ್ನು ಸುಟ್ಟಂತೆ ಒಡೆಯುತ್ತದೆ. ಉಳಿದ ಕಬ್ಬಿಣವು ಗರಣೆಗಟ್ಟಿಸುತ್ತದೆ. ನುಗ್ಗೆಯ ಬೀಜದಲ್ಲಿರುವ ಧನ ವಿದ್ಯುದಂಶದ ಸಸಾರಜನಕವೂ ಇದೇ ಕೆಲಸ ಮಾಡುತ್ತದೆ; ಸುಡಾನ ದೇಶದಲ್ಲಿ ನೈಲ್ ನದಿಯ ಬಗ್ಗಡ ನೀರನ್ನು ಹೀಗೆಯೇ ತಿಳಿ ಮಾಡುತ್ತಿದ್ದರು. ಆದರೆ ಪ್ರತಿಯೊಂದಕ್ಕೂ ಒಂದು ಬೆಲೆಯಿದೆ. ತಗಡಿಗೆ ವಿದ್ಯುತ್ ಬೇಕು, ಫೆಂಟನ್ ವಿಧಾನಕ್ಕೆ ನೀರನ್ನು ಮೊದಲು ತೀವ್ರ ಆಮ್ಲವಾಗಿಸಿ ಆಮೇಲೆ ಸುಣ್ಣದಿಂದ ಸರಿಪಡಿಸಬೇಕು, ನುಗ್ಗೆಯ ಪುಡಿ ತಾನೇ ಒಂದಿಷ್ಟು ಸಾವಯವ ಪದಾರ್ಥವನ್ನು ನೀರಿಗೆ ಬಿಟ್ಟುಕೊಡುತ್ತದೆ. ಕುಡಿಯುವ ನೀರಿನ ಕೊಡಕ್ಕೆ ಒಪ್ಪುವ ಮದ್ದು ಕಸದ ಬಸಿನೀರಿನ ಹೊಂಡಕ್ಕೂ ಒಪ್ಪೀತೆಂದು ತಿಳಿಯಬಾರದು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಗರಣೆಗಟ್ಟಿಸುವ ವಿಧಾನದಲ್ಲಿ ಒಂದು ಮೋಹವಿದೆ. ಕಪ್ಪಾದ ನೀರು ನಮ್ಮ ಕಣ್ಣೆದುರೇ ತಿಳಿಯಾಗುತ್ತದೆ. ಕಣ್ಣಿಗೆ ತೃಪ್ತಿಯಾದ ಮೇಲೆ ಮನಸ್ಸು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ಅಧಿಕಾರಿಗೂ ಸಮಾಧಾನ, ಗುತ್ತಿಗೆದಾರನಿಗೂ ಸಮಾಧಾನ, ನೋಡಲು ಹೋದ ನಮಗೂ ಸಮಾಧಾನ. ಆದರೆ ನೀರಿನ ಲೆಕ್ಕವನ್ನು ಕಣ್ಣು ಮಾಡಲಾರದು.

ಒಂದು ಸಾದಾ ಗುಣಾಕಾರ ಮಾಡೋಣ. ಮಾವಳ್ಳಿಪುರದ ಬಸಿನೀರನ್ನು ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ರಾಸಾಯನಿಕ ಆಮ್ಲಜನಕ ಬೇಡಿಕೆ, ಅಂದರೆ ಸಿ.ಓ.ಡಿ., ಲೀಟರಿಗೆ ಸುಮಾರು 10,000 ಮಿಲಿಗ್ರಾಂ ಇತ್ತು. ಕೊಳೆಯನ್ನು ಪೂರ್ತಿ ಸುಡಲು ಎಷ್ಟು ಆಮ್ಲಜನಕ ಬೇಕೆಂಬುದರ ಅಳತೆ ಇದು. ಘನತ್ಯಾಜ್ಯದ ಬಗ್ಗೆ ಕೇಂದ್ರ ಸರಕಾರವು 2000ದಲ್ಲಿ, ಮತ್ತೆ 2016ರಲ್ಲಿ ಮಾಡಿದ ನಿಯಮಗಳಂತೆ ಹೊಳೆ ಹಳ್ಳಗಳಿಗೆ ಬಿಡುವ ಬಸಿನೀರಿನಲ್ಲಿ ಇದು 250ನ್ನು ಮೀರಬಾರದು. ಈಗ ನಮ್ಮ ವಿಧಾನವು ತನ್ನ ಪರಾಕಾಷ್ಠೆಯನ್ನು ಮುಟ್ಟಿ ನೂರಕ್ಕೆ 65 ಪಾಲು ಕೊಳೆಯನ್ನು ತೆಗೆಯಿತೆಂದು ಇಟ್ಟುಕೊಳ್ಳಿರಿ. ಉಳಿಯುವುದು 3,500. ಅನುಮತಿಸಿದ ಮಿತಿಯ ಹದಿನಾಲ್ಕು ಪಟ್ಟು! ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಆ ನೀರು ಮೊದಲಿಗಿಂತ ಎಷ್ಟೋ ತಿಳಿಯಾಗಿ ಕಂಡೀತು. ಆದರೆ ಹಳ್ಳಕ್ಕೆ ಬಿಟ್ಟರೆ ಮೀನು ಉಸಿರಾಡಬೇಕಾದ ಆಮ್ಲಜನಕವನ್ನು ಅದು ಕಸಿದುಕೊಳ್ಳುತ್ತದೆ.

ಇದು ಕೊಳೆಯ ಮಾತಾಯಿತು. ಅಮೋನಿಯದ ಮಾತೇ ಬೇರೆ. ಹಳೆಯ ಬಸಿನೀರಿನಲ್ಲಿ ಅಮೋನಿಯ ಲೀಟರಿಗೆ ನೂರಾರು ಮಿಲಿಗ್ರಾಂ, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಇರುತ್ತದೆ; ಅದೇ ನಿಯಮಗಳ ಮಿತಿ 50. ಪಟಕಕ್ಕೆ ಇದರ ಮೇಲೆ ಹಿಡಿತವಿಲ್ಲವೆಂದೇ ಹೇಳಬೇಕು. ಲವಣಗಳ ಮಾತಂತೂ ಇನ್ನೂ ವಿಚಿತ್ರ. ಗರಣೆಗಟ್ಟಿಸುವುದರಿಂದ ಕರಗಿದ ಉಪ್ಪು ಹೋಗುವುದಿಲ್ಲ. ಪಟಕ ಹಾಕಿದರೆ ಸಲ್ಫೇಟು, ಕಬ್ಬಿಣದ ಲವಣ ಹಾಕಿದರೆ ಕ್ಲೋರೈಡು ನೀರಿಗೆ ಹೊಸದಾಗಿ ಸೇರುತ್ತದೆ. ಸವಳು ಹಿಡಿದು ಬೆಳ್ಳಗಾದ ಹೊಲವನ್ನು ಕಾಲುವೆಯ ಸೀಮೆಯಲ್ಲಿ ಕಂಡವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಹೊಲ ಹಾಳು ಮಾಡಿದ ನೀರೂ ನೋಡಲು ತಿಳಿಯಾಗಿಯೇ ಇತ್ತು.

ಆದುದರಿಂದ ಗರಣೆಗಟ್ಟಿಸುವ ವಿಧಾನವು ದಾರಿಯ ಒಂದು ಮಜಲು, ಊರಲ್ಲ. ಮೊದಲು ಸೂಕ್ಷ್ಮಜೀವಿಗಳು ತಮ್ಮ ಪಾಲನ್ನು ತಿನ್ನಬೇಕು, ಅವೇ ಅಮೋನಿಯವನ್ನೂ ಬದಲಿಸಬೇಕು. ಅವುಗಳಿಗೆ ಸಾಗದೆ ಉಳಿದ ಕಂದು ಪದಾರ್ಥವನ್ನು ಪಟಕವೋ ಕಬ್ಬಿಣವೋ ಇಳಿಸಬೇಕು. ಕಡೆಗೆ ಇದ್ದಿಲು, ಪೊರೆಯ ಸೋಸುಕಗಳು ಉಳಿದದ್ದನ್ನು ತಡೆಯಬೇಕು. ಈ ಸರಣಿಯಲ್ಲಿ ತನ್ನ ಸ್ಥಾನವನ್ನು ಅರಿತು ನಿಂತಾಗಲೇ ಈ ವಿಧಾನಕ್ಕೆ ಗೌರವ. ಇದೊಂದೇ ಸಾಕೆಂದು ಹೇಳುವವರು ಅದಕ್ಕೆ ಅಪಚಾರ ಮಾಡುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನೀರಿನಿಂದ ಹೊರಬಿದ್ದ ಕೊಳೆ ಎಲ್ಲಿಗೆ ಹೋಯಿತು? ಗರಣೆಗಟ್ಟಿಸುವುದರಿಂದ ಕೊಳೆ ನಾಶವಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಅಷ್ಟೆ. ಹೊಂಡದ ತಳದಲ್ಲಿ ಅದು ರಾಡಿಯಾಗಿ ಕೂಡುತ್ತದೆ. ಒಂದು ಕಿಲೋಗ್ರಾಂ ಅಲ್ಯುಮಿನಿಯಂ ಸಲ್ಫೇಟಿನಿಂದಲೇ ಸುಮಾರು ಕಾಲು ಕಿಲೋಗ್ರಾಂ ಒಣ ಹೈಡ್ರಾಕ್ಸೈಡು ಹುಟ್ಟುತ್ತದೆ. ಅದರ ಮೇಲೆ ಕೊಳೆಯ ಭಾರ, ಅದರ ಮೇಲೆ ಅದು ಹೀರಿಕೊಂಡ ನೀರಿನ ಭಾರ. ಲೋಹಗಳು ಇದರಲ್ಲಿಯೇ ಸೇರಿಕೊಂಡಿರುತ್ತವೆ. ಈ ರಾಡಿಯನ್ನು ತೆಗೆದು ಮತ್ತೆ ಅದೇ ಕಸದ ಗುಡ್ಡೆಯ ಮೇಲೆ ಸುರಿದರೆ, ಮುಂದಿನ ಮಳೆಗೆ ಅದರ ಒಂದು ಭಾಗವಾದರೂ ಮತ್ತೆ ಇಳಿದು ಬರಬಹುದು. ಇದು ಗಾಣದ ಎತ್ತಿನ ಪ್ರಯಾಣ.

ಇತಿಹಾಸ ಓದುವ ನಮಗೆ ಇಲ್ಲೊಂದು ಪಾಠವಿದೆ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಲಂಡನ್ ನಗರವು ತನ್ನ ಚರಂಡಿಯ ನೀರಿಗೆ ಸುಣ್ಣ ಮತ್ತು ಕಬ್ಬಿಣದ ಲವಣವನ್ನು ಹಾಕಿ ಕೊಳೆಯನ್ನು ಇಳಿಸತೊಡಗಿತು. ಥೇಮ್ಸ್ ನದಿಯ ಸ್ಥಿತಿ ಸುಧಾರಿಸಿತು. ಇಳಿದ ರಾಡಿಯನ್ನೇನು ಮಾಡಿದರು? 1887ರಿಂದ ಅದನ್ನು ಹಡಗುಗಳಲ್ಲಿ ತುಂಬಿ ಸಮುದ್ರಕ್ಕೆ ಸುರಿದರು. ಆ ಪದ್ಧತಿ ನಿಂತದ್ದು 1998ರಲ್ಲಿ! ನದಿಯನ್ನು ಉಳಿಸಿದ ನಗರವು ನೂರು ವರ್ಷಕ್ಕೂ ಮಿಕ್ಕಿ ಸಮುದ್ರದ ಮೇಲೆ ಸಾಲ ಮಾಡುತ್ತಲೇ ಹೋಯಿತು. ಬರೀ ರಾಸಾಯನಿಕಗಳನ್ನು ನಂಬದೆ ಸೂಕ್ಷ್ಮಜೀವಿಗಳ ಕೈಗೆ ಕೆಲಸ ಕೊಡಬೇಕೆಂದು ಅದೇ ನಗರದ ರಸಾಯನಶಾಸ್ತ್ರಜ್ಞನಾದ ಡಿಬ್ಡಿನ್ ವಾದಿಸಿದನು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಜೀವಿಗಳಿಂದ ತುಂಬಿದ ರಾಡಿಗೆ ಗಾಳಿಯೂದಿ ಕೊಳೆಯನ್ನು ತಿನ್ನಿಸುವ ವಿಧಾನವನ್ನು ಜಗತ್ತಿನ ಮುಂದಿಟ್ಟರು. ಅವರಿಗೆ ಮಾರ್ಗದರ್ಶಕನಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕನಾಗಿ ಬಂದನು. ಅಂದರೆ ಈ ತಿಳಿವಳಿಕೆಯು ನಮ್ಮ ನಾಡಿಗೆ ಬಂದು ನೂರು ವರ್ಷಗಳ ಮೇಲಾಯಿತು. ವಿದ್ಯೆಯ ಅಭಾವವೇ ಅಡ್ಡಿಯೆಂದು ನಾವು ಹೇಳುವಂತಿಲ್ಲ.

ಕೆಲವರು ಹೀಗೆ ಆಕ್ಷೇಪಿಸಬಹುದು: "ಚಿಕ್ಕ ಪುರಸಭೆಗಳಿಗೆ ಇಷ್ಟೊಂದು ಮಜಲುಗಳ ಯಂತ್ರಗಳನ್ನು ಕಟ್ಟಲು ಹಣವೆಲ್ಲಿದೆ? ಏನೂ ಮಾಡದಿರುವುದಕ್ಕಿಂತ ಪಟಕ ಹಾಕಿ ಅರ್ಧ ಕೊಳೆಯನ್ನಾದರೂ ತೆಗೆಯುವುದು ಮೇಲಲ್ಲವೆ?" ಆಕ್ಷೇಪಣೆಯಲ್ಲಿ ಹುರುಳಿದೆ. ಅರ್ಧ ಕೊಳೆ ತೆಗೆದರೆ ಅರ್ಧ ಪುಣ್ಯ ಬಂದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅರ್ಧ ಮಾಡಿದ ಕೆಲಸವನ್ನು ಅರ್ಧವೆಂದೇ ಹೇಳಬೇಕು. ಅರ್ಧ ಶುದ್ಧವಾದ ನೀರನ್ನು ಪೂರ್ತಿ ಶುದ್ಧವೆಂದು ಹಳ್ಳಕ್ಕೆ ಬಿಟ್ಟಾಗ ಕೆಳಗಿನ ಊರಿನವನು ಮೋಸಹೋಗುತ್ತಾನೆ. ಕಪ್ಪು ನೀರು ಬಂದರೆ ಅವನು ದನಗಳನ್ನು ಹಳ್ಳಕ್ಕೆ ಬಿಡುತ್ತಿರಲಿಲ್ಲ. ತಿಳಿನೀರು ಬಂದುದರಿಂದ ಬಿಡುತ್ತಾನೆ. ಇಂಥ ಕಡೆ ಅರೆ ಶುದ್ಧಿಯು ಕೊಳೆಗಿಂತಲೂ ಅಪಾಯಕಾರಿ.

ಹಣದ ಪ್ರಶ್ನೆಗೆ ಉತ್ತರ ಹೊಂಡದಲ್ಲಿಲ್ಲ, ಮನೆಯ ಬಾಗಿಲಲ್ಲಿದೆ. ಬಸಿನೀರು ಹುಟ್ಟಲು ಎರಡು ವಸ್ತು ಬೇಕು: ಕೊಳೆಯುವ ಹಸಿ ಕಸ ಮತ್ತು ಮಳೆ. ಹಸಿ ಕಸವನ್ನು ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕಿದರೆ, ಗುಡ್ಡೆಗೆ ಹೋಗುವ ಉಳಿದ ಕಸದ ಮೇಲೆ ಹೊದಿಕೆಯಿದ್ದು ಸುತ್ತಲಿನ ಮಳೆನೀರು ಹೊರಗಿಂದ ಹೊರಗೆ ಹರಿದುಹೋಗುವಂತೆ ಕಾಲುವೆಯಿದ್ದರೆ, ಬಸಿನೀರು ಬಹಳಷ್ಟು ಕಡಿಮೆಯಾಗುತ್ತದೆ. 2016ರ ನಿಯಮಗಳೂ ಹೂಳುವ ನೆಲಕ್ಕೆ ಕೊಳೆಯದ, ಮರುಬಳಕೆಗೆ ಬಾರದ ಕಸ ಮಾತ್ರ ಹೋಗಬೇಕೆಂದು ಹೇಳಿದವು. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಸ್ವಚ್ಛ ಸಂಕೀರ್ಣಗಳೆಂಬ ಕಟ್ಟಡಗಳು ಎದ್ದಿರುವುದೂ ಈ ಉದ್ದೇಶಕ್ಕಾಗಿಯೆ. ನಮ್ಮ ಅಜ್ಜನ ತಿಪ್ಪೆಯನ್ನು ಮರಳಿ ತರುವ ಕೆಲಸ ಇದು. ತಿಪ್ಪೆಗೆ ಪಟಕ ಬೇಕಿರಲಿಲ್ಲ.

ಆದರೂ ಹಿಂದಿನ ವರ್ಷಗಳ ಗುಡ್ಡೆಗಳು ಇದ್ದೇ ಇವೆ, ಅವುಗಳ ನೀರು ಬರುತ್ತಲೇ ಇರುತ್ತದೆ. ಅಲ್ಲಿ ಗರಣೆಗಟ್ಟಿಸುವ ವಿಧಾನಕ್ಕೆ ದೊಡ್ಡ ಪಾತ್ರವಿದೆ. ಹಳೆಯ ನೀರು ಅದಕ್ಕೆ ಒಲಿಯುವಂಥದೆಂದು ಮೇಲೆ ಹೇಳಿದ್ದೇನೆ. ಅಂಥ ಪ್ರತಿಯೊಂದು ಹೊಂಡದ ಬಳಿಯಲ್ಲಿಯೂ ಮೂರು ಲೆಕ್ಕಗಳು ಜನರಿಗೆ ಕಾಣುವಂತಿರಬೇಕೆಂದು ನನ್ನ ಸೂಚನೆ. ಮೊದಲನೆಯದು, ಜಾರ್ ಪರೀಕ್ಷೆಯ ದಿನವಹಿ: ಇಂದು ಯಾವ ನೀರು ಬಂದಿತು, ಎಷ್ಟು ಲವಣ ಬೇಕಾಯಿತು. ಎರಡನೆಯದು, ಹೊರಗೆ ಬಿಡುವ ನೀರಿನ ಗುಣ: ಬಣ್ಣವೊಂದೇ ಅಲ್ಲ, ಸಿ.ಓ.ಡಿ., ಅಮೋನಿಯ, ಲವಣ ಎಷ್ಟಿವೆ, ನಿಯಮದ ಮಿತಿ ಎಷ್ಟು ಎಂಬುದನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯುವುದು. ಮೂರನೆಯದು, ರಾಡಿಯ ಲೆಕ್ಕ: ಎಷ್ಟು ಹುಟ್ಟಿತು, ಎಲ್ಲಿಗೆ ಹೋಯಿತು. ಇವಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ಪುಸ್ತಕ, ಒಂದು ಹಲಗೆ, ಮುಚ್ಚಿಡದ ಮನಸ್ಸು ಇದ್ದರೆ ಸಾಕು.

ಇಲ್ಲಿ ವಿದ್ಯಾರ್ಥಿಗಳಾದ ನಮಗೂ ಕೆಲಸವಿದೆ. ವಿಜ್ಞಾನ ಓದುವ ನಮ್ಮ ಗೆಳೆಯರು ತಮ್ಮ ಪ್ರಯೋಗಶಾಲೆಯಲ್ಲಿ ಆರು ಗಾಜಿನ ಪಾತ್ರೆಗಳನ್ನಿಟ್ಟು ಪರೀಕ್ಷೆ ಮಾಡಬಲ್ಲರು. ಅರ್ಥಶಾಸ್ತ್ರ ಓದುವವರು ಹಸಿ ಕಸ ಬೇರ್ಪಡಿಸುವ ಖರ್ಚಿಗೂ ಬಸಿನೀರು ಶುದ್ಧಗೊಳಿಸುವ ಖರ್ಚಿಗೂ ತುಲನೆ ಮಾಡಬಲ್ಲರು. ರಾಜ್ಯಶಾಸ್ತ್ರ ಓದುವವರು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಪರೀಕ್ಷೆಯ ವರದಿಗಳನ್ನು ಕೇಳಬಲ್ಲರು. ಕನ್ನಡ ಓದುವವರು ಆ ವರದಿಯ ಅಂಕಿಗಳನ್ನು ಗ್ರಾಮಸಭೆಯಲ್ಲಿ ಕುಳಿತ ಅಜ್ಜಿಗೂ ತಿಳಿಯುವ ಮಾತಿನಲ್ಲಿ ಹೇಳಬಲ್ಲರು. ಈ ಕಡೆಯ ಕೆಲಸ ಚಿಕ್ಕದೆಂದು ಯಾರೂ ಭಾವಿಸಬಾರದು. ಅರ್ಥವಾಗದ ಭಾಷೆಯಲ್ಲಿರುವ ಲೆಕ್ಕ ಇದ್ದೂ ಇಲ್ಲದಂತೆ.

ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಧುಮುಕಿ, ನಮ್ಮ ಹೊಲಗಳನ್ನು ತೋಯಿಸಿ ಕೃಷ್ಣೆಯನ್ನು ಸೇರುತ್ತಾಳೆ. ಮೇಲಿನ ಊರು ಬಿಟ್ಟ ನೀರನ್ನೇ ಕೆಳಗಿನ ಊರು ಕುಡಿಯುತ್ತದೆ. ನಮ್ಮ ಮೇಲೆ ಊರುಗಳಿವೆ, ನಮ್ಮ ಕೆಳಗೂ ಊರುಗಳಿವೆ. ಮೇಲಿನವರು ನಮಗೆ ಎಂಥ ನೀರನ್ನು ಬಿಡಬೇಕೆಂದು ನಾವು ಬಯಸುತ್ತೇವೆಯೋ ಅಂಥ ನೀರನ್ನೇ ನಾವು ಕೆಳಗಿನವರಿಗೆ ಬಿಡಬೇಕು. ಅದನ್ನು ಲೋಟದಲ್ಲಿ ಹಿಡಿದು ನೋಡಿ ಹೇಳಿದರೆ ಸಾಲದು, ಅಳೆದು ಹೇಳಬೇಕು.